ನಲವತ್ತು ಕಡೆ ಒಂದೇ ಹೆಸರು

ಕೈ ಬಿಟ್ಟರೆ ಮೂರು ಮಹಡಿ ಕೆಳಗೆ ಸಿಮೆಂಟು ನೆಲ!

ಶಾಲೆಯ ಹಿಂದಿನ ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡಿದ್ದೆ. ಕೈಯಲ್ಲಿ ಇಂಟರ್ನೆಟ್ ಕೇಬಲ್ಲಿನ ಪೈಪು. ಬೆನ್ನ ಮೇಲೆ ಬ್ಯಾಗು, ಅದರಲ್ಲೊಂದು ಲ್ಯಾಪ್‌ಟಾಪ್. ಮೇಲೆ ಟೆರೇಸಿನ ಅಂಚಿನಲ್ಲಿ ಶಾಲೆಯ ಸೆಕ್ರೆಟರಿಯ ಡ್ರೈವರ್... ಕೈಯಲ್ಲಿ ಕಬ್ಬಿಣದ ರಾಡು.

"ಆ ಬ್ಯಾಗ್ ಕೊಟ್ಬಿಡು. ನಿನ್ನ ಪಾಡಿಗೆ ನೀನು ಹೋಗು!"

"ಇಳಿದು ಬಂದು ತಗೋ."

ಅವನು ಇಳಿಯಲಿಲ್ಲ. ಅವನ ತೂಕಕ್ಕೆ ಪೈಪೇನು, ಗೋಡೆಯೇ ಕಿತ್ತು ಬರುತ್ತಿತ್ತು.

ಆ ಪೈಪಿಗೆ ಎರಡಡಿಗೊಂದು ಕ್ಲಾಂಪ್ ಹೊಡೆಸಿದವನು ನಾನೇ. ಈ ಶಾಲೆಯಲ್ಲಿ ನಾನು ನೆಟ್ಟಗೆ ಮಾಡಿದ ಕೆಲಸ ಅದೊಂದೇ!

ಗಂಟೆ ಹತ್ತೂಮುಕ್ಕಾಲು. ಹನ್ನೊಂದಕ್ಕೆ ಕಮಿಟಿ ಮೀಟಿಂಗ್. ಅಲ್ಲಿ ಗಣಿತದ ಟೀಚರನ್ನು ಕೆಲಸದಿಂದ ತೆಗೆಯುತ್ತಾರೆ. ಅವರನ್ನು ಹಿಡಿದುಕೊಟ್ಟವನೂ ನಾನೇ.

ತಪ್ಪಾಗಿ!

ಕೇಳಿ ಇಲ್ಲಿ. ಕಂಪ್ಯೂಟರ್ ಜೋಡಿಸುವುದು, ಅದರೊಳಗೆ ಕಳ್ಳತನವಾದರೆ ಕಳ್ಳನನ್ನು ಹಿಡಿಯುವುದು, ಎರಡೂ ನನ್ನ ಕಸುಬು. ಮಕ್ಕಳು ಮನೆಯಲ್ಲೇ ಕೂತು ಪಾಠ ಕೇಳಲಿ ಎಂದು ಈ ಶಾಲೆಗೆ ಹೊಸ ಸರ್ವರ್, ಕ್ಯಾಮೆರಾ, ನಲವತ್ತು ಲ್ಯಾಪ್‌ಟಾಪ್ ಹಾಕಿದೆ. ಒಂದನ್ನು ಪೂರ್ತಿ ತಯಾರು ಮಾಡಿ, ಉಳಿದ ಮೂವತ್ತೊಂಬತ್ತಕ್ಕೂ ಅದರ ನಕಲು ಇಳಿಸುವುದು ನಮ್ಮ ಪದ್ಧತಿ. ಆ ಒಂದು ಗಣಿತದ ಟೀಚರದ್ದು. ರಜೆಯ ದಿನ ಟೆಸ್ಟಿಂಗಿಗೆ ಬಂದವರು ಅವರೊಬ್ಬರೇ. ಮೂರು ತಾಸು ಕ್ಯಾಮೆರಾದ ಮುಂದೆ ನಿಂತು, "ಈಗ ಬೋರ್ಡು ಕಾಣಿಸ್ತಿದೆಯೇನಪ್ಪಾ?" ಎಂದು ಕೇಳುತ್ತಲೇ ಇದ್ದರು.

ನಕಲು ಇಳಿಸುವ ಮೊದಲು ಅದರಲ್ಲಿದ್ದ ಅವರ ಲಾಗಿನ್ ಹೆಸರು ಅಳಿಸಬೇಕಿತ್ತು. ಮರೆತೆ! ಆಮೇಲೆ ಆ ನಲವತ್ತರಲ್ಲಿ ಯಾರು ಏನು ಮಾಡಿದರೂ ಸರ್ವರಿನಲ್ಲಿ ಬೀಳುತ್ತಿದ್ದದ್ದು ಟೀಚರ ಹೆಸರು.

ಹೋದ ವಾರ ಆನ್‌ಲೈನ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಹಿಂದಿನ ದಿನವೇ ಬಯಲಾಯಿತು. ಯಾರ ಕೆಲಸ ಎಂದು ಕಮಿಟಿ ನನ್ನನ್ನು ಕೇಳಿತು. ಸರ್ವರ್ ನೋಡಿದೆ. ಟೀಚರ ಹೆಸರಿತ್ತು. ರಿಪೋರ್ಟ್ ಬರೆದೆ, ಸಹಿ ಗೀಚಿದೆ.

"ನಾನಲ್ಲಪ್ಪಾ," ಎಂದಿದ್ದರು ಟೀಚರ್. "ಇನ್ನೊಂದ್ಸಲ ಲೆಕ್ಕ ಹಾಕಿ ನೋಡು."

"ಮಷೀನ್ ಸುಳ್ಳು ಹೇಳಲ್ಲ ಮೇಡಂ."

ಥೂ! ಆ ಮಾತು ನೆನೆದರೆ ನನ್ನ ನಾಲಿಗೆಗೆ ನಾನೇ ಬರೆ ಹಾಕಿಕೊಳ್ಳಬೇಕು ಅನ್ನಿಸುತ್ತದೆ.

ಇವತ್ತು ಬೆಳಿಗ್ಗೆ ಮನಸ್ಸು ತಡೆಯದೆ ಇನ್ನೊಮ್ಮೆ ನೋಡಿದೆ. ಪತ್ರಿಕೆ ಹೊರಗೆ ಹೋದದ್ದು ಮೂರೂ ಹತ್ತಕ್ಕೆ. ಅದೇ ಮೂರೂ ಹತ್ತರ ರೆಕಾರ್ಡಿಂಗಿನಲ್ಲಿ ಟೀಚರ್ ಆರನೇ ಕ್ಲಾಸಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದಾರೆ... ಲೈವ್! ಕೈಯಲ್ಲಿ ಚಾಕ್‌ಪೀಸು. ಒಬ್ಬರೇ ಎರಡು ಕಡೆ ಹೇಗೆ?

ಆಗ ಹೊಳೆಯಿತು, ನಾನು ಹೆಸರು ಅಳಿಸಿರಲೇ ಇಲ್ಲ!

ಸ್ಟಾಫ್ ರೂಮಿನಿಂದ ಶುರುಮಾಡಿ ಒಂದೊಂದೇ ಲ್ಯಾಪ್‌ಟಾಪ್ ತೆರೆದೆ. ಹದಿನೇಳನೆಯದು ಸೆಕ್ರೆಟರಿಯ ಮೇಜಿನ ಮೇಲಿತ್ತು. ಪತ್ರಿಕೆ ಅದರೊಳಗೇ ಕೂತಿತ್ತು. ಮೂರೂ ಹತ್ತಕ್ಕೆ ಹೋಗಿದ್ದು ಅವರ ಹೆಂಡತಿ ನಡೆಸುವ ಟ್ಯೂಷನ್ ಕ್ಲಾಸಿಗೆ!

ಬ್ಯಾಗಿಗೆ ತುರುಕಿ ತಿರುಗಿದರೆ ಬಾಗಿಲ ಹತ್ತಿರ ಡ್ರೈವರ್. ತಪ್ಪಿಸಿಕೊಂಡು ಓಡಲು ಉಳಿದದ್ದು ಟೆರೇಸಿನ ಮೆಟ್ಟಿಲು ಮಾತ್ರ. ಅಲ್ಲಿಂದ ಈ ಪೈಪು.

ಜಾರಿದೆ. ಅಂಗೈ ಸುಲಿದುಹೋಯಿತು. ಮೊದಲನೇ ಮಹಡಿಯ ಲ್ಯಾಬಿನ ಕಿಟಕಿ ತೆರೆದಿತ್ತು. ಒಳಗೆ ಬಿದ್ದು, ಎದ್ದು, ಕಾರಿಡಾರಿಗೆ ಬಂದೆ. ಎದುರಿಗೇ ಸೆಕ್ರೆಟರಿ! ಇಸ್ತ್ರಿ ಕೆಡದ ಬಿಳಿ ಶರ್ಟು, ತಣ್ಣನೆಯ ದನಿ.

"ಯೋಚ್ನೆ ಮಾಡಿ. ಅದನ್ನ ತೋರಿಸಿದ್ರೆ ನಿಮ್ಮ ತಪ್ಪೂ ಹೊರಗೆ ಬರುತ್ತೆ."

"ಗೊತ್ತು."

"ಯಾವ ಶಾಲೆಯವರೂ ನಿಮ್ಮನ್ನ ಒಳಗೆ ಬಿಡಲ್ಲ."

"ಅದೂ ಗೊತ್ತು."

"ಆಕೆಗೆ ಹೇಗಿದ್ರೂ ರಿಟೈರ್ ಆಗೋ ವಯಸ್ಸು ಕಣ್ರೀ!"

ಸುಳ್ಳು ಯಾಕೆ ಹೇಳಲಿ... ಒಂದು ಕ್ಷಣ ನಿಂತೆ. ಹೆಂಡತಿ ಮಕ್ಕಳು ಕಣ್ಣೆದುರು ಬಂದರು. ಆ ಒಂದು ಕ್ಷಣಕ್ಕೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಆಮೇಲೆ ಭುಜ ಕೊಟ್ಟು ಅವರನ್ನು ಗೋಡೆಗೆ ತಳ್ಳಿ ನುಗ್ಗಿದೆ.

ಕಮಿಟಿ ರೂಮಿನಲ್ಲಿ ಹೆಡ್‌ಮಿಸ್ ಕಾಗದ ಹಿಡಿದು ಓದುತ್ತಿದ್ದರು. ಮೇಜಿನ ತುದಿಯಲ್ಲಿ ಟೀಚರ್. ಗೋಡೆಯ ದೊಡ್ಡ ಸ್ಕ್ರೀನಿನಲ್ಲಿ ಪೋಷಕರು, ಸಾಲು ಸಾಲು ಮುಖ. ಅದನ್ನು ಕೂರಿಸಿದವನೂ ನಾನೇ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟೆ.

"ಪತ್ರಿಕೆ ಕಳಿಸಿದ್ದು ಸೆಕ್ರೆಟರಿ. ಇದರಲ್ಲೇ ಇದೆ, ನೋಡಿ. ಆದ್ರೆ ಟೀಚರ್ ಹೆಸರು ಬಂದಿದ್ದು ನನ್ನಿಂದ. ಅಳಿಸೋದು ಮರೆತೆ... ಚೆಕ್ ಮಾಡದೆ ಸಹಿ ಹಾಕಿದೆ."

ಬೈಯಲಿ ಎಂದು ಟೀಚರ ಕಡೆ ನೋಡಿದೆ. ಅವರು ನನ್ನ ಅಂಗೈ ನೋಡುತ್ತಿದ್ದರು.

"ರಕ್ತ ಬರ್ತಿದೆಯಲ್ಲೋ. ಮೊದಲು ತೊಳ್ಕೊಂಡು ಬಾ."

ಕೆನ್ನೆಗೆ ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮಧ್ಯಾಹ್ನ ಟೀಚರ್ ಕ್ಲಾಸಿಗೆ ಹೋದರು. ಸೆಕ್ರೆಟರಿಯನ್ನೂ ಆ ಲ್ಯಾಪ್‌ಟಾಪನ್ನೂ ಪೊಲೀಸರು ಒಯ್ದರು. ನನಗೆ ಉಳಿದದ್ದು ಒಂದೇ ಕೆಲಸ, ಮಿಕ್ಕ ಮೂವತ್ತೆಂಟು ಲ್ಯಾಪ್‌ಟಾಪಿನಿಂದ ಟೀಚರ ಹೆಸರು ಅಳಿಸುವುದು. ಮುಗಿಯುವಷ್ಟರಲ್ಲಿ ಸಂಜೆಯಾಯಿತು.

ಇನ್ನು ನನ್ನನ್ನು ಒಳಗೆ ಬಿಡಬಾರದೆಂದು ಕಮಿಟಿ ಹೇಳಿತ್ತು. ಗೇಟಿನ ರಿಜಿಸ್ಟರಿನಲ್ಲಿ ನನ್ನ ಹೆಸರು ಹೊಡೆದುಹಾಕಲು ವಾಚ್‌ಮನ್ನಿಗೆ ಒಂದೇ ಗೀಟು ಸಾಕಾಯಿತು!