ಅದು ಯಾರ ದನಿ, ತಾತಾ?

"ಮೊದಲು ನೀವು ಪಾಠ ಹೇಳೋದು ನಿಲ್ಲಿಸಿ," ಅಂದ ಹಕ್ಕಿ ಡಾಕ್ಟರ್, ಪಂಜರದಿಂದ ಕಣ್ಣೆತ್ತದೇ.

ಅವಳಿಗೆ ಮೈಯೆಲ್ಲ ಉರಿಯಿತು. ಗಿಣಿಗೆ ಏನು ಕಾಯಿಲೆ ಅಂತ ಕೇಳೋಕೆ ಬಂದರೆ ತನ್ನನ್ನೇ ಬೈತಾನಲ್ಲ ಈ ಮನುಷ್ಯ...

ಅವಳು ಟೈಲರ್. ಕೋಪ ಮೂಗಿನ ತುದಿಯಲ್ಲೇ ಇರೋ ಹೆಂಗಸು. ಗಿಣಿ, ತೀರಿಕೊಂಡ ಅವಳ ಅಪ್ಪನದು. ವಯಸ್ಸಾಗಿದೆ ಅಂತ ಎಲ್ಲರೂ ಅದನ್ನ ಕರೆಯೋದೇ ತಾತ ಅಂತ. ತಾತನಿಗೆ ಬರುತ್ತಿದ್ದದ್ದು ಎರಡೇ. ಒಂದು, 'ಕತ್ತರಿ ಎಲ್ಲಿ?' ಅನ್ನೋ ಅಪ್ಪನ ಮಾತು. ಇನ್ನೊಂದು, ಅಪ್ಪನ ಕೊನೆಗಾಲದ ಕೆಮ್ಮು.

ಆ ಕೆಮ್ಮು ಕೇಳಿದಾಗಲೆಲ್ಲ ಅಮ್ಮನ ಮುಖ ಬಾಡಿಹೋಗುತ್ತಿತ್ತು. ಕೊನೆಗೆ, ಇದು ಬೇರೆ ಏನಾದರೂ ಕಲಿತ ದಿನ ಫೋನ್ ಮಾಡು, ಬರ್ತೀನಿ ಅಂತ ಹೇಳಿ ಅಮ್ಮ ದೊಡ್ಡ ಮಗಳ ಮನೆಗೆ ಹೊರಟೇಬಿಟ್ಟರು.

ಅವತ್ತಿನಿಂದ ಇವಳ ಪಾಠ ಶುರುವಾಯಿತು. ಅಂಗಡಿ ತೆಗೆಯೋ ಮೊದಲು, ಮುಚ್ಚಿದ ಮೇಲೆ, ಪಂಜರದ ಮುಂದೆ ಕೂತು 'ಅಮ್ಮಾ ಬಾ, ಅಮ್ಮಾ ಬಾ' ಅಂತ ಗಂಟಲು ಹರಿದುಕೊಂಡಳು. ತಾತ ಬಾಯಿ ಬಿಡಲಿಲ್ಲ. ಬದಲಿಗೆ ಎದೆಯ ಪುಕ್ಕ ಒಂದೊಂದಾಗಿ ಕಿತ್ತುಕೊಳ್ಳತೊಡಗಿತು.

"ಮುದಿ ಗಿಣಿ ಹೊಸದು ಕಲಿಯಲ್ಲ ಅಂತ ನೇರವಾಗಿ ಹೇಳಿಬಿಡಿ ಡಾಕ್ಟ್ರೇ. ನಾನೂ ಆಸೆ ಬಿಟ್ಟುಬಿಡ್ತೀನಿ."

"ಕಲಿಯುತ್ತೆ ಟೈಲರಮ್ಮ. ನಿಧಾನ ಅಷ್ಟೇ. ಆದ್ರೆ ಬಲವಂತಕ್ಕಲ್ಲ. ಇಷ್ಟವಾದ ದನಿ ದಿನಾ ಅದೇ ಹೊತ್ತಿಗೆ ಕಿವಿಗೆ ಬಿದ್ರೆ, ತಾನಾಗೇ ಕಲಿಯುತ್ತೆ."

ನನ್ನ ದನಿ ಇಷ್ಟ ಇಲ್ಲ ಅಂತ ತಾನೇ ಅರ್ಥ? ಅವಳು ಒಳಗೊಳಗೇ ಹಲ್ಲು ಕಡಿದಳು. ಆದರೂ ಪುಕ್ಕ ಬರುವವರೆಗೆ ಇಲ್ಲೇ ಬಿಟ್ಟು ಹೋಗಿ ಅಂದಾಗ ತಲೆಯಾಡಿಸಿದಳು. ಗಿಣಿಯ ಬೋಳು ಎದೆಯನ್ನ ಅವನು ಬೆರಳ ತುದಿಯಿಂದ ಸವರಿದ ರೀತಿ ನೋಡಿದರೆ ಯಾರಾದರೂ ತಲೆಯಾಡಿಸುತ್ತಿದ್ದರು ಬಿಡಿ.

ದಿನಾ ಮಧ್ಯಾಹ್ನ ಫೋನ್ ಮಾಡಿದಳು. ಮೊದಮೊದಲು ಗಿಣಿ ಕಾಳು ತಿಂತಾ ಅಂತಷ್ಟೇ ಕೇಳುತ್ತಿದ್ದಳು. ಆಮೇಲೆ, ಗಿಣಿಗೆ ಹೊತ್ತು ಹೊತ್ತಿಗೆ ತಿನ್ನಿಸೋ ಈ ಮನುಷ್ಯ ತಾನು ಮಾತ್ರ ಊಟ ಮರೆಯುತ್ತಾನೆ ಅಂತ ಗೊತ್ತಾಯಿತು. ಅದನ್ನೂ ವಿಚಾರಿಸತೊಡಗಿದಳು. ಅವನು ಆಯ್ತು ಅನ್ನುತ್ತಿದ್ದ, ಇವಳು ಗದರುತ್ತಿದ್ದಳು, ಇಬ್ಬರೂ ನಗುತ್ತಿದ್ದರು.

ಮಧ್ಯಾಹ್ನ ಯಾವಾಗ ಆಗುತ್ತೋ ಅಂತ ಬೆಳಿಗ್ಗೆಯಿಂದಲೇ ಕಾಯೋ ಹಾಗಾಯಿತು. ಅವನ ಮನೆಯಲ್ಲಿ ಯಾರಿದ್ದಾರೆ ಅಂತ ಮಾತ್ರ ಕೇಳಲಿಲ್ಲ. ಕೇಳೋಕೆ ಭಯ.

ತಾತ ಮೈತುಂಬ ಪುಕ್ಕದೊಂದಿಗೆ ಅಂಗಡಿಗೆ ಮರಳಿದ ದಿನ, ಅವಳು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಒಬ್ಬರ ಕೋಟಿನ ಅಳತೆ ಸರಿಮಾಡುತ್ತಿದ್ದಳು. ಫೋನ್ ರಿಂಗಾಯಿತು.

"ಊಟ ಮಾಡಿದ್ರಾ? ಸುಳ್ಳು ಹೇಳ್ಬೇಡಿ."

ಹೆಂಗಸಿನ ದನಿ. ಮೃದು, ಸ್ವಲ್ಪ ತುಂಟ, ಕೊನೆಯಲ್ಲಿ ತಡೆದುಕೊಂಡ ಒಂದು ನಗು. ಹೇಳಿದ್ದು ತಾತ!

ಪಿನ್ನು ನುಂಗದೇ ಉಳಿದದ್ದೇ ಹೆಚ್ಚು. ಹೊಸ ಮಾತು ಕಲಿತಿದೆ ಅಂತ ಕುಣಿಯಬೇಕಿತ್ತು ಅವಳು. ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು.

ನಾನು ಕೇಳುತ್ತಿದ್ದ ಮಾತನ್ನೇ ಅವಳೂ ಕೇಳ್ತಾಳಾ? ಹೆಂಡತೀನೇ ಇರಬೇಕು. ಎಷ್ಟು ಚೆಂದದ ದನಿ... ನನ್ನದೋ, ಮಿಷನ್ ಸದ್ದಿನ ಮೇಲೆ ಕೂಗಿ ಕೂಗಿ ಒರಟಾದ ಗಂಟಲು.

ಅವತ್ತಿನಿಂದ ಮಧ್ಯಾಹ್ನದ ಫೋನ್ ನಿಂತಿತು. ಅವನೇ ಮಾಡಿದರೂ ಎತ್ತಲಿಲ್ಲ. ಆದರೆ ಕರ್ಮ ನೋಡಿ, ಅವನ ಕರೆ ರಿಂಗಾದಾಗಲೆಲ್ಲ ತಾತ ಅದೇ ದನಿಯಲ್ಲಿ ಊಟ ಮಾಡಿದ್ರಾ ಅನ್ನುತ್ತಿತ್ತು! ಬಂದ ಗಿರಾಕಿಗಳೆಲ್ಲ ಆಯ್ತಮ್ಮಾ ಅಂತ ಅದಕ್ಕೆ ಉತ್ತರ ಬೇರೆ ಕೊಡುತ್ತಿದ್ದರು. ಅವಳಿಗೆ ತಲೆ ಚಿಟ್ಟು ಹಿಡಿಯಿತು. ಎಡತೋಳಿನ ಜಾಗಕ್ಕೆ ಬಲತೋಳು ಹೊಲಿದಳು, ಬಿಚ್ಚಿದಳು, ಮತ್ತೆ ಅದನ್ನೇ ಹೊಲಿದಳು.

ಒಂದು ಸಂಜೆ ಅವನೇ ಅಂಗಡಿ ಮೆಟ್ಟಿಲು ಹತ್ತಿ ಬಂದ.

"ನನ್ನಿಂದ ಏನು ತಪ್ಪಾಯ್ತು? ಅದನ್ನಾದ್ರೂ ಹೇಳಿ."

"ನಿಮ್ಮ ಮನೆಯವರು ಇದ್ದಾರಲ್ಲ, ಊಟ ವಿಚಾರಿಸೋಕೆ. ಮಧ್ಯೆ ನಾನ್ಯಾಕೆ?" ಅಂದಳು ಕಣ್ಣು ತುಂಬಿಕೊಂಡು. ಯಾವ ಮನೆಯವರು ಅಂತ ಅವನು ಕಕ್ಕಾಬಿಕ್ಕಿಯಾದಾಗ, ಗಿಣಿಯ ಬಾಯಲ್ಲಿ ಬರೋ ಹೆಂಗಸಿನ ವಿಷಯವೆಲ್ಲ ಒಂದೇ ಉಸಿರಿಗೆ ಕಕ್ಕಿದಳು.

ಅವನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತ.

"ಅದು ನಿಮ್ಮ ದನಿ ಕಣ್ರೀ."

"ಕತೆ ಕಟ್ಟಬೇಡಿ. ನನ್ನ ದನಿ ನನಗೆ ಗೊತ್ತಿಲ್ವಾ?"

"ನಮ್ಮ ದನಿ ಹೊರಗಡೆ ಹೇಗೆ ಕೇಳುತ್ತೆ ಅಂತ ನಮಗೇ ಗೊತ್ತಿರಲ್ಲ. ಬೇರೆಯವರನ್ನ ಕೇಳಿ."

ಕೇಳೇಬಿಡ್ತೀನಿ ಅಂತ ರೋಷದಿಂದ ಅಮ್ಮನಿಗೆ ಫೋನ್ ಹಚ್ಚಿದಳು. ಸ್ಪೀಕರ್ ಹಾಕಿ ಪಂಜರದ ಪಕ್ಕ ಇಟ್ಟಳು. ರಿಂಗ್ ಕೇಳಿಸಿತು, ತಾತ ಕತ್ತು ಓರೆ ಮಾಡಿತು. ಅಮ್ಮ ಎತ್ತೋದಕ್ಕೂ, ಅದು ಬಾಯಿ ಬಿಡೋದಕ್ಕೂ ಸರಿಹೋಯಿತು.

"ಊಟ ಮಾಡಿದ್ರಾ? ಸುಳ್ಳು ಹೇಳ್ಬೇಡಿ."

"ಆಯ್ತು ಕಣೇ," ಅಂದರು ಅಮ್ಮ. "ಇದೇನೇ, ಹೆತ್ತಮ್ಮನ್ನ ಗಂಡನ್ನ ಮಾತಾಡಿಸಿದ ಹಾಗೆ ಮಾತಾಡಿಸ್ತೀಯ?"

ಅವಳ ಕಿವಿ ಕೆಂಪಾಯಿತು.

"ಅಮ್ಮಾ... ಅದು ನಾನಲ್ಲ. ತಾತ. ಹೊಸ ಮಾತು ಕಲಿತಿದೆ. ನೀನು ಬಾ."

ಅಮ್ಮ ಕೆಮ್ಮು ಬಿಡ್ತಾ ಅಂತ ಕೇಳಿದರು. ಇಲ್ಲ, ಕಡಿಮೆಯಾಗಿದೆ ಅಂದಳು. ಇರಲಿ ಬಿಡು, ಅವರ ನೆನಪಿಗೆ ಅದೂ ಇರಲಿ, ನಾಳೆ ಬರ್ತೀನಿ ಅಂದು, ಹಾಗೇ ಸೇರಿಸಿದರು, "ತಾತ ಅದನ್ನ ನಿನ್ನಿಂದ ಕಲಿತಿದೆ. ನೀನು ಯಾರನ್ನ ಹಾಗೆ ಕೇಳ್ತಿದ್ದೆ ಅನ್ನೋದನ್ನ ಬಂದ ಮೇಲೆ ಹೇಳು."

ಫೋನ್ ಇಟ್ಟಳು. ತಲೆ ಎತ್ತೋಕೆ ಧೈರ್ಯ ಸಾಲಲಿಲ್ಲ. ಇಷ್ಟು ದಿನ ತಾನು ಹೊಟ್ಟೆ ಉರಿದುಕೊಂಡದ್ದು ತನ್ನ ಮೇಲೇನೇ!

"ಮೊದಲು ಕೈಲಿ ಯಾವುದಾದ್ರೂ ಹಕ್ಕಿ ಇರ್ತಿತ್ತು ಅಂತ ನಿಮ್ಮ ಫೋನ್ ಬಂದಾಗ ಸ್ಪೀಕರ್ ಹಾಕ್ತಿದ್ದೆ," ಅಂದ ಅವನು ಮೆಲ್ಲಗೆ. "ಆಮೇಲೆ ಕೈ ಖಾಲಿ ಇದ್ರೂ ಹಾಕ್ತಿದ್ದೆ. ಆ ದನಿ ಇಡೀ ರೂಮಲ್ಲಿ ಇರ್ಲಿ ಅಂತ. ನನ್ನ ಮನೆಯಲ್ಲಿ ಬೇರೆ ಯಾರೂ ಇಲ್ಲ ಟೈಲರಮ್ಮ. ನೀವು ಬಂದ್ರೆ... ಇರ್ತೀರಿ."

ಅವಳು ಮೂಗು ಒರೆಸಿಕೊಂಡಳು. ಕತ್ತರಿ ಎತ್ತಿ ಆ ಕಡೆ ಇಟ್ಟಳು, ಮತ್ತೆ ಈ ಕಡೆ ಇಟ್ಟಳು.

"ಊಟ ಮಾಡಿದ್ರಾ?"

"ಹೂಂ. ಆಯ್ತು."

"ಸುಳ್ಳು ಹೇಳ್ಬೇಡಿ," ಅಂದಳು. ಅಂದು, ತನ್ನ ದನಿಯನ್ನ ತಾನೇ ಮೊದಲ ಸಲ ಕೇಳಿಸಿಕೊಂಡಳು.

"ನೀವು ಫೋನ್ ನಿಲ್ಲಿಸಿದ ಮೇಲೆ ಸರಿಯಾಗಿ ಮಾಡೇ ಇಲ್ಲ."

"ಏಳಿ, ಕೈ ತೊಳೀರಿ. ಇಬ್ಬರಿಗಾಗೋಷ್ಟಿದೆ."