ಇಬ್ಬರೂ ಹಿಂತಿರುಗಿಸಿದ ದೋಣಿ

“ಅವತ್ತು ನಿಮ್ಮ ದೋಣಿ ಯಾಕೆ ವಾಪಸ್ ಹೋಯ್ತು?”

ಹೊಸದಾಗಿ ಬಂದವನು ಕುರ್ಚಿ ಎಳೆದು ಕೂರುತ್ತಲೇ ಕೇಳಿದ ಮೊದಲ ಮಾತಿದು. ಅವಳು ತಟ್ಟನೆ ತಲೆಯೆತ್ತಿ ನೋಡಿದಳು. ಮುಖ ಅಪರಿಚಿತ, ಆದರೆ ಈ ಧ್ವನಿ... ಗಡಿಯಾಚೆಯ ರೇಡಿಯೋದಲ್ಲಿ ಅವತ್ತು ಮಾತಾಡಿದವನು ಇವನೇ!

ಕಡಲ್ಗಳ್ಳರನ್ನು ತಡೆಯಲು ನೆರೆಯ ಎರಡು ದೇಶಗಳು ಒಂದೇ ಕೋಣೆಯಲ್ಲಿ ಕೂತು ಕಾವಲು ಕಾಯಬೇಕೆಂದು ಒಪ್ಪಂದವಾಗಿತ್ತು. ದೊಡ್ಡವರು ಸಹಿ ಹಾಕಿ ಕೈಕುಲುಕಿ ಹೋದರು. ಪಕ್ಕಪಕ್ಕದ ಕುರ್ಚಿಯಲ್ಲಿ ಉಳಿದದ್ದು ಈ ಹಾವು ಮುಂಗುಸಿ.

“ಅದನ್ನ ನಾನು ಕೇಳ್ಬೇಕಿತ್ತು,” ಎಂದಳು ಅವಳು.

ಅವತ್ತು ಗಡಿಯ ಹತ್ತಿರ ಸರಕು ಹಡಗೊಂದಕ್ಕೆ ಕಳ್ಳರು ಹತ್ತಿದ್ದರು. ಮುದಿ ಕ್ಯಾಪ್ಟನ್ ರೇಡಿಯೋದಲ್ಲಿ, “ಯಾರಾದ್ರೂ ಬರ್ತಿದ್ದೀರಾ, ಮಗಳೇ?” ಎಂದು ಕೇಳಿದ್ದರು. ಬರ್ತಿದ್ದಾರೆ ಎಂದು ತನ್ನ ದೇಶದ ಕಾವಲು ಕೇಂದ್ರದಿಂದ ಇವಳು ಧೈರ್ಯ ಹೇಳಿದ್ದಳು. ಯಾರೂ ತಲುಪಲಿಲ್ಲ. ಕ್ಯಾಪ್ಟನ್ ಬದುಕಿ ಉಳಿಯಲಿಲ್ಲ.

ಅಂದಿನಿಂದ ನಲ್ಲಿ ತಿರುಗಿಸಿದರೂ, ಅಮ್ಮ ಕರೆದರೂ ಅವಳಿಗೆ ಕೇಳುತ್ತಿದ್ದುದು ಅದೇ ಧ್ವನಿ. ಬಂದ ಸಂಬಂಧಗಳನ್ನೆಲ್ಲ ಬೇಡವೆಂದಳು. ಅಮ್ಮ ಅದಕ್ಕೆ ಜಂಬ ಎಂದು ಹೆಸರಿಟ್ಟಳು.

“ನಿಮ್ಮ ದೋಣಿ ಹೊರಟಿದೆ ಅಂತ ನೀವು ಹೇಳಿದ್ದು ಕೇಳಿಸ್ತು. ಅದಕ್ಕೇ ನಮ್ಮದನ್ನ ತಿರುಗ್ಸಿದೆ,” ಎಂದಳು ಅವಳು.

ಅವನ ಮುಖ ಬಿಳಿಚಿಕೊಂಡಿತು. “ನೀವು ಅವರಿಗೆ ಧೈರ್ಯ ಹೇಳಿದ್ದನ್ನ ಕೇಳಿ ನಾನೂ ತಿರುಗ್ಸಿದೆ...”

ಒಬ್ಬರು ಹೊರಟರೆ ಇನ್ನೊಬ್ಬರು ಗಡಿಯಿಂದ ಹಿಂದೆ ಸರಿಯುವುದು ಆ ಕಡಲಿನ ಮರ್ಯಾದೆ. ಪರಸ್ಪರ ಬಾಯಿಬಿಟ್ಟು ಕೇಳಲು ಮಾತ್ರ ಬಿಗುಮಾನ! ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಜಗಳವೂ ಆಡದೆ ಒಂದು ಜೀವ ಹೋಗಿತ್ತು.

ಇಬ್ಬರೂ ಸೇರಿ ಮೇಲಿನವರ ಬೆನ್ನುಬಿದ್ದು ಹೊಸ ಪದ್ಧತಿ ತಂದರು. ಒಬ್ಬರು ಹಡಗು ಮುಟ್ಟುವವರೆಗೆ ಇನ್ನೊಬ್ಬರು ತಿರುಗುವಂತಿಲ್ಲ. ಮುಂದಿನ ಸಲ ಕಳ್ಳರು ಬಂದಾಗ ಎರಡೂ ದೋಣಿ ಹೋದವು, ಹಡಗಿನವರೆಲ್ಲ ಉಳಿದರು. ಕೋಣೆಯವರು ಚಪ್ಪಾಳೆ ತಟ್ಟುತ್ತಿದ್ದಾಗ ಅವಳ ಕಣ್ಣು ಅವನನ್ನೇ ಹುಡುಕಿತು. ಎಂದಿನಿಂದಲೋ ಅವನು ಅವಳ ಮನಸ್ಸಿನಲ್ಲಿ ಮನೆ ಮಾಡಿದ್ದ. ಅವನೋ, ಮುಖ ತಿರುಗಿಸಿದ.

ಅವನು ತನ್ನ ದೇಶಕ್ಕೆ ವರ್ಗ ಕೇಳಿದ್ದಾನೆಂದು ಅವಳಿಗೆ ತಿಳಿಯಿತು. ಮೆಟ್ಟಿಲ ಮೇಲೆ ಅವನಿಗೆ ಅಡ್ಡ ನಿಂತಳು.

“ನನ್ನ ಕಂಡ್ರೆ ಅಷ್ಟು ಬೇಜಾರಾ?”

“ನೀವು ಮಾತಾಡಿದಾಗೆಲ್ಲ ಆ ಕ್ಯಾಪ್ಟನ್ನೂ ಮಾತಾಡ್ತಾರೆ. ಅವತ್ತು ಇಬ್ಬರ ಧ್ವನಿಯನ್ನೂ ಒಟ್ಟಿಗೇ ಕೇಳಿದ್ದಲ್ವಾ...” ಎಂದ ಅವನು. “ನಿಮ್ಮನ್ನ ಪ್ರೀತಿಸೋ ಹಕ್ಕು ನನಗಿಲ್ಲ.”

“ನನಗೂ ಕೇಳ್ಸುತ್ತೆ,” ಎಂದಳು. ಹೆತ್ತಮ್ಮನಿಗೂ ಹೇಳದ ಮಾತು ಅದು. “ನಿಮ್ಮ ದೇಶಕ್ಕೆ ಹೋದ್ರೆ ನಿಲ್ಲುತ್ತಾ?”

“ಇಲ್ಲ.”

“ಹಾಗಾದ್ರೆ ಇಲ್ಲೇ ಇರಿ. ಒಬ್ಬೊಬ್ಬರೇ ಕೇಳೋದು ಬೇಡ.”

ಅವನು ಅವಳ ಕೈ ಹಿಡಿದುಕೊಂಡ. ಇಬ್ಬರೂ ಅದೇ ಮೆಟ್ಟಿಲ ಮೇಲೆ ಕೂತರು.

“ಈಗ ಕೇಳ್ತಿದೆಯಾ?” ಎಂದ ಮೆಲ್ಲಗೆ.

“ಹ್ಞೂಂ,” ಎಂದು ಅವಳು ಅವನ ಹೆಗಲಿಗೆ ಒರಗಿದಳು. “ನಿಮಗೆ?”

“ನನಗೂ.”