ಇರುವೆಯಿಲ್ಲದ ಗೋಡೌನು

ಮೂಟೆ ಎತ್ತುವ ಕಬ್ಬಿಣದ ಕೊಕ್ಕೆ. ಅದರ ಮೊನೆ ನನ್ನ ಕುತ್ತಿಗೆಗೆ ತಾಗಿತ್ತು!

"ಉಸ್ರು ಬುಟ್ರೆ ಓಯ್ತೀಯ ಕಣಮ್ಮಿ!" ಕಾವಲುಗಾರ ಅಂಕಯ್ಯ ಹಲ್ಲು ಕಡಿದ.

"ಉಸಿರು ಬಿಡದೆ ಇದ್ರೂ ಹೋಗ್ತೀನಲ್ಲಯ್ಯ?"

ಅವನು ಯೋಚನೆಗೆ ಬಿದ್ದ. ಅಷ್ಟು ಸಾಕಿತ್ತು...

ಮೊದಲು ನಡೆದದ್ದನ್ನು ಕೇಳಿ. ನಾನು ಕನಕಲಕ್ಷ್ಮಿ. ಯಾರ ಕೆಲಸ ಎಲ್ಲಿ ಸಿಕ್ಕಿಕೊಂಡರೂ ಬಿಡಿಸುವುದು ನನ್ನ ಕಸುಬು. ಬೆಳಿಗ್ಗೆ ಕೊತ್ತತ್ತಿಯ ಯಶೋದಮ್ಮ ಬಂದಿದ್ದರು. ಆಲೆಮನೆಯ ಯಜಮಾನಿ. ವರ್ಷದ ಬೆಲ್ಲವೆಲ್ಲ ಎರಡು ಲಾರಿಗಳಲ್ಲಿ, ನಿಡಘಟ್ಟದ ರಸ್ತೆಯಲ್ಲಿ. ಮೇಲೆ ಕಪ್ಪು ಮೋಡ!

"ಮಂಡ್ಯ, ಮದ್ದೂರು, ಮಳವಳ್ಳಿ... ಯಾವ ಗೋಡೌನಲ್ಲೂ ಜಾಗಿಲ್ಲ ಕಣವ್ವ. ಮಳೆ ಬಂದ್ರೆ ನನ್ ಬೆಲ್ಲ ರೋಡಲ್ಲೇ ಪಾನ್ಕ ಆಯ್ತದೆ!"

ನಿಡಘಟ್ಟದ ದೊಡ್ಡ ಗೋಡೌನು ಸಂಪತ್ ಕುಮಾರನದು. ಬಾಗಿಲಲ್ಲಿ ಬೋರ್ಡು: 'ಬೆಲ್ಲ ಭರ್ತಿ. ಜಾಗವಿಲ್ಲ.' ಪಕ್ಕದಲ್ಲೇ ಅವನ ಹತ್ತು ಎಕರೆ. ಹೊಸ ಗೋಡೌನಿಗೆ ಅದನ್ನೇ ಕೊಳ್ಳಿ ಎಂದು ಸರ್ಕಾರಕ್ಕೆ ಅರ್ಜಿ ಹಾಕಿದ್ದ. ಆಫೀಸರು ಬರುವುದೂ ಅವತ್ತೇ!

ದಿಡ್ಡಿ ಬಾಗಿಲು ತೆರೆದಿತ್ತು. ನುಸುಳಿದೆ. ಎದುರಿಗೆ ಛಾವಣಿ ಮುಟ್ಟುವ ಮೂಟೆಗಳು. ಆದರೆ ಏನೋ ಕೊರತೆ... ನಮ್ಮಜ್ಜಿಯ ಕತೆಗಳಲ್ಲಿ ಏಳು ಬೀಗದೊಳಗಿನ ಸಕ್ಕರೆ ಗೊಂಬೆಯ ಗುಟ್ಟು ರಾಜನಿಗಿಂತ ಮೊದಲು ಇರುವೆಗೆ ಗೊತ್ತಾಗುತ್ತಿತ್ತು. ಇಲ್ಲಿ ಒಂದೇ ಒಂದು ಇರುವೆ ಇಲ್ಲ!

ಆಗಲೇ ಕೊಕ್ಕೆ ಬಂದದ್ದು.

ಅಂಕಯ್ಯ ಇನ್ನೂ ಯೋಚಿಸುತ್ತಿದ್ದ. ಪಕ್ಕದ ಮೂಟೆಯ ಹೊಲಿಗೆ ಎಳೆದೆ. ಸುರ್ರ್... ಬೆಲ್ಲವಲ್ಲ. ಭತ್ತದ ಹೊಟ್ಟು! ಅವನ ಕಣ್ಣು, ಮೂಗು, ಬಾಯಿ ತುಂಬ ಹೊಟ್ಟು. ಮೂಟೆಯ ಗೋಡೆ ಕುಸಿಯಿತು. ಹಿಂದೆ... ಖಾಲಿ! ಬಸ್ಸು ತಿರುಗಿಸಬಹುದಾದಷ್ಟು ಖಾಲಿ!

ಓಡಿದೆ. ಲೂನಾ ಹತ್ತಿದೆ. ಬೆನ್ನ ಹಿಂದೆ ಗೋಡೌನಿನ ಆಳುಗಳ ಜೀಪು!

"ಇಡ್ಕಳ್ರಲಾ ಅವ್ಳ... ಆಕ್ಷೀ!" ಅಂಕಯ್ಯನ ಕೂಗು.

ಫರ್ಲಾಂಗು ದಾಟುವಷ್ಟರಲ್ಲಿ ಪೆಟ್ರೋಲು ಮುಗಿಯಿತು. ಪೆಡಲ್ ತುಳಿದೆ. ಜೀಪಿನ ಬಂಪರು ಹಿಂದಿನ ಚಕ್ರ ಸವರಿತು... ಅಷ್ಟರಲ್ಲಿ ಎದುರಿಗೆ ನಲವತ್ತು ಲಾರಿ! ಗೋಡೌನು ಸಿಗದೆ ರಸ್ತೆ ತುಂಬ ನಿಂತ ಲಾರಿಗಳು. ಲೂನಾ ಸಂದಿಯಲ್ಲಿ ತೂರಿತು. ಜೀಪು ಸಿಕ್ಕಿಕೊಂಡಿತು. ಸಂಪತ್ ಕುಮಾರ ತಾನೇ ಹುಟ್ಟಿಸಿದ ಕ್ಯೂ!

ಕ್ಯೂನ ಕೊನೆಯಲ್ಲಿ ಅಂಬಾಸಿಡರ್ ಕಾರು. ಒಳಗೆ ಆಫೀಸರ್ ಚಲುವನಾರಾಯಣ. ಪಕ್ಕದಲ್ಲಿ ಸಂಪತ್ ಕುಮಾರ.

"ಈ ಲಾರಿಗಳೇ ಸಾಕ್ಷಿ ಸಾರ್. ಹೊಸ ಗೋಡೌನು ಇವತ್ತೇ ಸ್ಯಾಂಕ್ಷನ್ ಆಗ್ಬೇಕು," ಅನ್ನುತ್ತಿದ್ದ.

ಕಿಟಕಿಯೊಳಗೆ ತಲೆ ತೂರಿಸಿದೆ. "ಸೈನ್ ಹಾಕಿ ಸಾರ್. ಅದಕ್ಕೆ ಮೊದಲು ಇವರ ಗೋಡೌನಲ್ಲಿ ಒಂದು ಇರುವೆ ಹುಡುಕಿ!"

"ತಲೆ ಕೆಟ್ಟಿದೆ ಸಾರ್ ಇವಳಿಗೆ!" ಸಂಪತ್ ಕುಮಾರ ಬೆವರಿದ.

ಆಫೀಸರು ಕನ್ನಡಕ ಏರಿಸಿದರು. "ನಮ್ಮನೆ ಬೆಲ್ಲದ ಡಬ್ಬಿಗೇ ಮುತ್ತುತ್ತಲ್ರೀ... ನಡೀರಿ, ನೋಡೋಣ."

ಹೊಟ್ಟು, ಖಾಲಿ ಜಾಗ ಎರಡನ್ನೂ ಆಫೀಸರು ಕಣ್ಣಾರೆ ಕಂಡರು. ಅರ್ಧ ಗಂಟೆಯಲ್ಲಿ ಬೋರ್ಡು ಕೆಳಗಿಳಿಯಿತು. ಮೊದಲ ಹನಿ ಬೀಳುವಾಗ ಯಶೋದಮ್ಮನ ಕೊನೆಯ ಮೂಟೆ ಒಳಗೆ ಹೋಗುತ್ತಿತ್ತು. ಹೊತ್ತವನು ಅಂಕಯ್ಯ. ಅದೇ ಕೊಕ್ಕೆ!

"ವಸಿ ದಾರಿ ಬುಡಿ, ಅಕ್ಕಯ್ಯ."

ಬಿಟ್ಟೆ. ಅವನ ಹಿಂದೆಯೇ ಮೊದಲ ಇರುವೆ ಬಂತು. ಜಿಲ್ಲೆಯಲ್ಲಿ ಲಂಚ ತಿನ್ನದ ಇನ್‌ಸ್ಪೆಕ್ಟರು ಅದೊಂದೇ... ಬೆಲ್ಲ ಮಾತ್ರ ತಿನ್ನುತ್ತೆ!